ಅತ್ತೆಯ ಬ್ರಾಹ್ಮಿ, ಡಬ್ಬಿಯ ಬ್ರಾಹ್ಮಿ: ಮದ್ದಿನ ಹೆಸರುಗಳು ಎಲ್ಲಿಂದ ಬಂದವು?

ಪ್ರಶ್ನೆ: ನನ್ನ ತವರು ದಾವಣಗೆರೆ, ಗಂಡನ ಮನೆ ಶಿರಸಿ ಹತ್ತಿರ. ಅತ್ತೆಯವರು ತೋಟದಿಂದ ಒಂದೆಲಗ ತಂದು ತಂಬುಳಿ ಮಾಡುತ್ತಾರೆ, ‘ಇದೇ ಬ್ರಾಹ್ಮಿ’ ಅನ್ನುತ್ತಾರೆ. ಮಗನ ಪರೀಕ್ಷೆ ಹತ್ತಿರ ಬಂತೆಂದು ನಾನು ಬ್ರಾಹ್ಮಿ ಪುಡಿ ತರಿಸಿದೆ. ಡಬ್ಬಿ ಮೇಲಿರುವ ಚಿತ್ರ ಬೇರೆಯೇ ಗಿಡದ್ದು. ಯಾವುದು ಅಸಲಿ? ಈ ಹೆಸರುಗಳೆಲ್ಲ ಹೇಗೆ ಬಂದವು? ಅಶ್ವಗಂಧಕ್ಕೂ ಕುದುರೆಗೂ ಏನು ಸಂಬಂಧ? ಹೆಸರು ನೋಡಿ ಮದ್ದಿನ ಗುಣ ಹೇಳಬಹುದೇ? ಇನ್ನೊಂದು ವಿಷಯ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ನರ್ಸರಿಯಿಂದ ‘ಇನ್ಸುಲಿನ್ ಗಿಡ’ ತಂದು ದಿನಾ ಎಲೆ ತಿನ್ನುತ್ತಿದ್ದಾರೆ. ಹೆಸರೇ ಇನ್ಸುಲಿನ್ ಅಂದಮೇಲೆ ಕೆಲಸ ಮಾಡಲೇಬೇಕಲ್ವಾ ಅಂತಾರೆ.

ಉತ್ತರ: ನಿಮ್ಮ ಅತ್ತೆಯವರು ಹೇಳುವುದೂ ತಪ್ಪಲ್ಲ, ಡಬ್ಬಿಯವರು ಹೇಳುವುದೂ ತಪ್ಪಲ್ಲ. ಬ್ರಾಹ್ಮಿ ಅನ್ನುವ ಹೆಸರು ಎರಡು ಗಿಡಗಳ ಮೇಲೆ ಕೂತಿದೆ, ಅಷ್ಟೇ.

ಅತ್ತೆಯವರ ಒಂದೆಲಗ ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಅಡಿಕೆ ತೋಟದ ಕಾಲುವೆ ಪಕ್ಕ, ಗದ್ದೆ ಬದು, ಬಾವಿಕಟ್ಟೆ ಹತ್ತಿರ, ಎಲ್ಲಿ ತೇವ ಇದೆಯೋ ಅಲ್ಲೆಲ್ಲ ನೆಲಕ್ಕಂಟಿ ಹರಡುತ್ತದೆ. ಉದ್ದನೆಯ ತೊಟ್ಟು, ಅದರ ತುದಿಗೆ ಒಂದೇ ಒಂದು ಎಲೆ. ಎಲೆ ದುಂಡಗಿರುತ್ತದೆ, ತೊಟ್ಟು ಸೇರುವ ಕಡೆ ಸೀಳಿರುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಹಾಗಾಗಿ ಒಂದೆಲಗ. ತುಳುವಿನಲ್ಲಿ ಇದು ತಿಮರೆ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ಅಂದರೆ ಕಪ್ಪೆ ಎಲೆ. ಎಲೆ ಕಪ್ಪೆಯ ಪಾದದ ಆಕಾರದಲ್ಲಿದೆ ಎಂದು ಕೆಲವರು ವಿವರಿಸುತ್ತಾರೆ, ಕಪ್ಪೆ ಇರುವ ಜಾಗದಲ್ಲಿ ಬೆಳೆಯುತ್ತದೆ ಎಂದು ಇನ್ನು ಕೆಲವರು. ನನಗಂತೂ ಎರಡನೆಯದೇ ಸರಿ ಅನಿಸುತ್ತದೆ. ಮಳೆಗಾಲದಲ್ಲಿ ಒಂದೆಲಗ ಕೊಯ್ಯಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬಿ ಮೇಲಿರುವುದು ಬಹುಶಃ ಬಕೋಪ ಮೊನ್ನಿಯೇರಿ. ನಮ್ಮಲ್ಲಿ ನೀರುಬ್ರಾಹ್ಮಿ, ಜಲಬ್ರಾಹ್ಮಿ ಅನ್ನುತ್ತಾರೆ. ಇದೂ ತೇವದ ಜಾಗದ್ದೇ. ಆದರೆ ಎಲೆ ಚಿಕ್ಕದು, ದಪ್ಪ, ರಸ ತುಂಬಿದ್ದು, ಕಾಂಡದ ಎರಡೂ ಬದಿಗೆ ಜೋಡಿ ಜೋಡಿಯಾಗಿ ಬರುತ್ತದೆ. ಹೂ ಬಿಳಿ ಅಥವಾ ತಿಳಿ ನೇರಳೆ. ಬಾಯಿಗೆ ಹಾಕಿ ಅಗಿದರೆ ಗೊತ್ತಾಗಿಬಿಡುತ್ತದೆ, ಅಷ್ಟು ಕಹಿ. ಒಂದೆಲಗ ಹಾಗಲ್ಲ, ಸ್ವಲ್ಪ ಒಗರು, ಊಟಕ್ಕೆ ಹೊಂದುತ್ತದೆ. ನೀರುಬ್ರಾಹ್ಮಿಯ ತಂಬುಳಿ ಮಾಡಿದರೆ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

ಬ್ರಾಹ್ಮಿ ಎಂಬುದು ಗಿಡದ ರೂಪ ನೋಡಿ ಇಟ್ಟ ಹೆಸರಲ್ಲ. ಬ್ರಹ್ಮನಿಗೆ ಸಂಬಂಧಿಸಿದ್ದು, ಬುದ್ಧಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ಬಂದದ್ದು. ಎರಡೂ ಗಿಡಗಳನ್ನು ನೆನಪಿನ ಶಕ್ತಿಗೆ ಕೊಡುತ್ತಿದ್ದರು. ಹೀಗಾಗಿ ಉತ್ತರ ಭಾರತದ ಹಲವು ಕಡೆ, ನಮ್ಮ ಮಲೆನಾಡಿನಲ್ಲಿ, ಸೆಂಟೆಲ್ಲಾವೇ ಬ್ರಾಹ್ಮಿ ಆಯಿತು. ಬಂಗಾಳ, ಕೇರಳದಲ್ಲಿ ಬಕೋಪ ಬ್ರಾಹ್ಮಿ ಆಯಿತು. ಸರ್ಕಾರದ ಆಯುರ್ವೇದಿಕ್ ಫಾರ್ಮಾಕೊಪಿಯಾ, ಅಂದರೆ ಔಷಧಗಳ ಅಧಿಕೃತ ಗ್ರಂಥ, ಈಗ ಗೆರೆ ಎಳೆದಿದೆ: ಬ್ರಾಹ್ಮಿ ಅಂದರೆ ಬಕೋಪ, ಮಂಡೂಕಪರ್ಣಿ ಅಂದರೆ ಸೆಂಟೆಲ್ಲಾ. ಔಷಧ ಕಂಪನಿಗಳಿಗೆ ಈ ಗೆರೆ ಬೇಕು. ಅಡಿಗೆಮನೆಗೆ ಬೇಕಿಲ್ಲ, ಅತ್ತೆಯವರ ಹತ್ತಿರ ಇದಕ್ಕಾಗಿ ವಾದಕ್ಕೆ ಹೋಗಬೇಡಿ.

ಮಗನ ಪುಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಕೋಪ ಬಗ್ಗೆ ನಡೆದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ 12 ವಾರ ಕೊಟ್ಟು ನೋಡಿದ್ದಾರೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಶುರು ಮಾಡಿ ಪ್ರಯೋಜನ ಕಾಣುವುದು ಕಷ್ಟ. ಕೆಲವರಿಗೆ ಹೊಟ್ಟೆ ಕೆಡುತ್ತದೆ, ಅದೂ ಪರೀಕ್ಷೆ ಹೊತ್ತಿಗೆ ಬೇಡ. ತಂಬುಳಿ ಊಟ ಮಾಡಿ ಹುಡುಗ ಚೆನ್ನಾಗಿ ನಿದ್ದೆ ಮಾಡಲಿ.

ಇನ್ನು ಹೆಸರು ಇಟ್ಟವರು ಯಾರು ಅನ್ನುವ ಪ್ರಶ್ನೆ. ಚರಕ ಸಂಹಿತೆಯ ಮೊದಲ ಅಧ್ಯಾಯದಲ್ಲೇ ಒಂದು ಮಾತಿದೆ. ಗಿಡಗಳ ಹೆಸರು, ರೂಪ ಗೊತ್ತಿರುವುದು ಕಾಡಿನಲ್ಲಿ ಆಡು, ಕುರಿ, ದನ ಕಾಯುವವರಿಗೆ ಮತ್ತು ಕಾಡಲ್ಲೇ ಬದುಕುವವರಿಗೆ. ಆದರೆ ಹೆಸರು, ರೂಪ ತಿಳಿದ ಮಾತ್ರಕ್ಕೆ ಅದರ ಬಳಕೆ ತಿಳಿದಂತಲ್ಲ. ಈ ಎರಡೂ ಮಾತು ನಿಮ್ಮ ಪ್ರಶ್ನೆಗೆ ಉತ್ತರವೇ. ಹೆಸರು ಕೊಟ್ಟವರು ಗಿಡವನ್ನು ದಿನಾ ನೋಡುತ್ತಿದ್ದವರು. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು, ನಾಲಿಗೆಗೆ ಹತ್ತಿದ್ದು ಹೆಸರಾಯಿತು. ಅದರಲ್ಲಿ ಗುರುತು ಇರುತ್ತದೆ, ಗ್ಯಾರಂಟಿ ಇರುವುದಿಲ್ಲ.

ಆಮೇಲೆ ಮದ್ದಿನ ಗಿಡಗಳ ಹೆಸರು, ಗುಣ ಪಟ್ಟಿ ಮಾಡಿದ ನಿಘಂಟುಕಾರರು ಬಂದು ಇದನ್ನು ವಿಂಗಡಿಸಿದರು. ನರಹರಿ ಪಂಡಿತನ ರಾಜನಿಘಂಟು ಗಿಡಗಳಿಗೆ ಹೆಸರು ಬರುವ ಏಳು ದಾರಿ ಹೇಳುತ್ತದೆ. ಸುಮ್ನೆ ರೂಢಿಯಿಂದ ಬಂದದ್ದು, ಪರಿಣಾಮದಿಂದ ಬಂದದ್ದು, ಊರಿನವರ ಮಾತಿನಿಂದ ಬಂದದ್ದು, ಮೈಮೇಲಿನ ಗುರುತಿನಿಂದ ಬಂದದ್ದು, ಇನ್ನೊಂದರ ಹೋಲಿಕೆಯಿಂದ ಬಂದದ್ದು, ಹೀಗೆ. ಒಂದೇ ಗಿಡಕ್ಕೆ ಇವುಗಳಲ್ಲಿ ಮೂರ್ನಾಲ್ಕು ದಾರಿಯಿಂದ ಹೆಸರು ಬಂದಿರುವುದೂ ಉಂಟು.

ಅಮೃತಬಳ್ಳಿಯನ್ನೇ ನೋಡಿ. ಬೆರಳು ದಪ್ಪದ ಒಂದು ತುಂಡು ಸಿಕ್ಕರೆ ಕೈಯಲ್ಲಿ ಹಿಡಿದೇ ಓದಿ. ಮೇಲಿನ ಸಿಪ್ಪೆ ಕಾಗದದಷ್ಟು ತೆಳು, ಉಗುರಿನಿಂದ ಕೆರೆದರೆ ಒಳಗೆ ಹಸಿರು. ಚಾಕುವಿನಿಂದ ಅಡ್ಡ ಕೊಯ್ದರೆ ನಡುವಿನಿಂದ ಅಂಚಿಗೆ ಗೆರೆಗಳು ಹೋಗಿರುತ್ತವೆ, ಗಾಡಿಯ ಗಾಲಿ ಇದ್ದಂತೆ. ಅದಕ್ಕೇ ಚಕ್ರಲಕ್ಷಣಿಕಾ ಎಂಬ ಹೆಸರು. ಆ ತುಂಡನ್ನು ಮಣ್ಣಿಲ್ಲದೆ ಕಾಂಪೌಂಡ್ ಗ್ರಿಲ್‌ಗೆ ಸಿಕ್ಕಿಸಿ ಬಿಡಿ. ಒಣಗುತ್ತದೆ ಅಂದುಕೊಂಡಿರುತ್ತೀರಿ, ಅದು ಚಿಗುರುತ್ತದೆ, ನೂಲಿನಂಥ ಬೇರು ಇಳಿಬಿಡುತ್ತದೆ. ಅದಕ್ಕೆ ಛಿನ್ನರುಹಾ, ಕತ್ತರಿಸಿದರೂ ಹುಟ್ಟುವುದು. ಅಮೃತಾ ಎಂಬ ಹೆಸರಿಗೆ ಒಂದು ಕಥೆಯೂ ಇದೆ. ರಾಮ ರಾವಣರ ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತ ಸುರಿಸಿದ, ಅವುಗಳ ಮೈಯಿಂದ ಹನಿ ಬಿದ್ದಲ್ಲೆಲ್ಲ ಈ ಬಳ್ಳಿ ಹುಟ್ಟಿತು. ಕಥೆ ಚೆನ್ನಾಗಿದೆ. ಆದರೆ ಸಾಯದ ಬಳ್ಳಿಯನ್ನು ಕಣ್ಣಾರೆ ನೋಡಿದವರೇ ಅಮೃತದ ಕಥೆ ಕಟ್ಟಿರಬೇಕು ಎಂದು ನನ್ನ ಅನಿಸಿಕೆ.

ಈ ಗುರುತುಗಳಿಂದ ಇವತ್ತಿಗೂ ಉಪಯೋಗ ಇದೆ. ಕೊರೊನಾ ಕಾಲದಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯಕ್ಕೆ ಮುಗಿಬಿದ್ದರಲ್ಲ, ಆಗ ಕೆಲವರಿಗೆ ಲಿವರ್ ತೊಂದರೆ ಆದದ್ದು ವರದಿಯಾಯಿತು. ಅಮೃತಬಳ್ಳಿಯಂತೆಯೇ ಕಾಣುವ ಟೈನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಇದೆ, ಗೊಂದಲ ಮಾಡಿಕೊಳ್ಳಬೇಡಿ ಎಂದು ಆಯುಷ್ ಸಚಿವಾಲಯ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಕ್ರಿಸ್ಪಾದ ಕಾಂಡದ ತುಂಬ ಗಂಟು ಗಂಟು ಇರುತ್ತದೆ. ಹಾಗಂತ ಅಸಲಿ ಬಳ್ಳಿಯೇ ಆದರೂ ಲಿವರ್ ಕಾಯಿಲೆ ಇದ್ದವರು, ಆಟೊಇಮ್ಯೂನ್ ಸಮಸ್ಯೆ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವುದು) ಇದ್ದವರು ಕೇಳದೆ ಕುಡಿಯಬಾರದು. ಹೆಸರಿನಲ್ಲಿ ಅಮೃತ ಇದ್ದರೆ ಎಷ್ಟು ಕುಡಿದರೂ ಪರವಾಗಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ, ತೊಂದರೆ ಅಲ್ಲೇ ಶುರು.

ನಮ್ಮ ಕನ್ನಡದ ಹೆಸರುಗಳಲ್ಲಿ ನನಗೆ ತುಂಬ ಇಷ್ಟವಾದವು ‘ನೆಲ’ದಿಂದ ಶುರುವಾಗುವವು. ನೆಲನೆಲ್ಲಿ, ನೆಲಬೇವು. ಮರದ ಹೆಸರು ತೆಗೆದುಕೊಂಡು ನೆಲಕ್ಕೆ ಇಳಿಸುವುದು. ನೆಲನೆಲ್ಲಿಯ ಒಂದು ಕಡ್ಡಿ ಕಿತ್ತು ತಿರುಗಿಸಿ ನೋಡಿ. ಮೇಲಿಂದ ಬರೀ ಎಲೆ, ಕೆಳಗೆ ಸಾಲಾಗಿ ಸಾಸಿವೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ. ನೆಲ್ಲಿಕಾಯನ್ನೇ ಚಿಕ್ಕದು ಮಾಡಿ ಪೋಣಿಸಿದ ಹಾಗೆ. ಕಿರುನೆಲ್ಲಿ ಅಂತಲೂ ಅನ್ನುತ್ತೇವೆ. ಸಂಸ್ಕೃತದ ಭೂಮ್ಯಾಮಲಕಿಯೂ ನೆಲದ ನೆಲ್ಲಿಯೇ. ತಮಿಳರು ಕೀಳಾನೆಲ್ಲಿ ಅನ್ನುತ್ತಾರೆ, ಕಾಯಿ ಎಲೆಯ ಕೆಳಗೆ ಇರುವುದರಿಂದ. ಕುತೂಹಲದ ಸಂಗತಿ ಅಂದರೆ ಸಸ್ಯಶಾಸ್ತ್ರಜ್ಞರೂ ಬೆಟ್ಟದ ನೆಲ್ಲಿ ಮರವನ್ನೂ ಈ ಗೇಣುದ್ದದ ಗಿಡವನ್ನೂ ಫಿಲಾಂತಸ್ ಎಂಬ ಒಂದೇ ಪಂಗಡಕ್ಕೆ ಸೇರಿಸಿದ್ದಾರೆ. ಕಾಮಾಲೆಗೆ ಇದನ್ನು ಅರೆದು ಕೊಡುತ್ತಿದ್ದ ನಮ್ಮ ಹಳ್ಳಿಯವರು ಕಾಯಿ ನೋಡಿಯೇ ನಂಟಸ್ತಿಕೆ ಹಿಡಿದಿದ್ದರು. ಅತ್ತ ಬ್ರೆಜಿಲ್‌ನಲ್ಲಿ ಈ ಜಾತಿಯ ಗಿಡಗಳಿಗೆ ಪೋರ್ಚುಗೀಸ್‌ನಲ್ಲಿ ಕೆಬ್ರಾ ಪೆಡ್ರಾ ಎಂದು ಹೆಸರು, ಅಂದರೆ ಕಲ್ಲು ಒಡೆಯುವುದು. ಅಲ್ಲಿ ಅದನ್ನು ಕಿಡ್ನಿ ಕಲ್ಲಿಗೆ ಕೊಡುತ್ತಾರೆ.

ನೆಲಬೇವಿನ ಕಥೆ ಬೇರೆ. ಅದಕ್ಕೂ ಬೇವಿನ ಮರಕ್ಕೂ ಯಾವ ನಂಟೂ ಇಲ್ಲ. ಕಹಿ ಒಂದೇ. ಹಿಮಾಲಯದ ಕಡೆಯ ಕಿರಾತತಿಕ್ತವೂ, ಅಂದರೆ ಕಿರಾತರ ನಾಡಿನ ಕಹಿಯೂ, ಹೀಗೇ ವಿಪರೀತ ಕಹಿ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಕಿರಾತಕಡ್ಡಿ ಎಂದು ಸಿಗುವುದು ಅದು. ಅಲ್ಲಿಂದ ಇಲ್ಲಿಗೆ ಬರುವುದು ಕಷ್ಟ, ಬೆಲೆಯೂ ಜಾಸ್ತಿ. ದಕ್ಷಿಣದಲ್ಲಿ ಅದರ ಬದಲು ನೆಲಬೇವನ್ನು ಬಳಸುವ ರೂಢಿ ಹಳೆಯದು, ಕನ್ನಡದಲ್ಲಿ ಎರಡಕ್ಕೂ ನೆಲಬೇವು ಎಂಬ ಹೆಸರೇ ಬಿದ್ದಿದೆ. ಒಂದು ‘ನೆಲ’ ನಿಜವಾದ ನಂಟು ತೋರಿಸುತ್ತದೆ, ಇನ್ನೊಂದು ಬರೀ ರುಚಿ ತೋರಿಸುತ್ತದೆ. ಹೆಸರನ್ನು ಮಾತ್ರ ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಈಗ ಕುದುರೆಗೆ ಬರೋಣ. ಅಶ್ವಗಂಧ ಅಂದರೆ ಕುದುರೆಯ ವಾಸನೆ. ಹಸಿ ಬೇರನ್ನು ಕಿತ್ತು ಜಜ್ಜಿ ಮೂಸಿದರೆ ಲಾಯದ ವಾಸನೆ ಬರುತ್ತದೆ. ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬುವ ಹೊತ್ತಿಗೆ ಅದು ಬಹಳ ಮಟ್ಟಿಗೆ ಹೋಗಿರುತ್ತದೆ. ಕುದುರೆಯ ಬಲ ಕೊಡುತ್ತದೆ ಎಂಬ ವಿವರಣೆಯೂ ಚಾಲ್ತಿಯಲ್ಲಿದೆ, ಜಾಹೀರಾತಿನಲ್ಲಿ ಓಡುವ ಕುದುರೆ ಬರುವುದು ಅದರಿಂದಲೇ. ಹೆಸರಿನಲ್ಲಿರುವುದು ಮಾತ್ರ ವಾಸನೆ. ಕನ್ನಡದವರು ಇದನ್ನು ಹಿರೇಮದ್ದು ಎಂದರು. ಲ್ಯಾಟಿನ್‌ನಲ್ಲಿ ಸೋಮ್ನಿಫೆರಾ, ನಿದ್ದೆ ತರುವುದು. ಒಬ್ಬರಿಗೆ ನಾತ ಮುಖ್ಯ, ಒಬ್ಬರಿಗೆ ನಿದ್ದೆ, ನಮಗೆ ಅದರ ದೊಡ್ಡಸ್ತಿಕೆ.

ಅದೇ ಅಂಗಡಿಯ ಇನ್ನೊಂದು ಡಬ್ಬದಲ್ಲೂ ಒಂದು ಕುದುರೆ ಇದೆ. ಮಲಬದ್ಧತೆಗೆ ನೀರಲ್ಲಿ ಕಲಸಿ ಕುಡಿಯುವ ಇಸಬ್ಗೋಲ್. ಪಾರ್ಸಿಯಲ್ಲಿ ಅಸ್ಪ್ ಅಂದರೆ ಕುದುರೆ, ಗೋಲ್ ಅಂದರೆ ಕಿವಿ ಎಂದು ಅರ್ಥ ಹೇಳುತ್ತಾರೆ. ದೋಣಿಯಂತೆ ಬಾಗಿದ ಆ ಸಣ್ಣ ಬೀಜ ನೋಡಿದರೆ ಕುದುರೆ ಕಿವಿ ನೆನಪಾಗುವುದು ಸಹಜ. ಯುನಾನಿ ವೈದ್ಯದ ಜೊತೆ ಇಂಥ ಎಷ್ಟೋ ಹೆಸರು ನಮ್ಮಲ್ಲಿಗೆ ಬಂದವು. ಯುನಾನಿ ಅಂದರೇ ಯವನರದ್ದು, ಗ್ರೀಕರದ್ದು. ಗುಲ್ಕಂದದಲ್ಲಿ ಗುಲ್ ಗುಲಾಬಿ, ಕಂದ್ ಸಕ್ಕರೆ. ಜುಲಾಬು ಅನ್ನುತ್ತೇವಲ್ಲ, ಅದರ ಮೂಲವೂ ಗುಲಾಬ್, ಅಂದರೆ ಗುಲಾಬಿ ನೀರು. ಪನ್ನೀರಿನಿಂದ ಹೊರಟ ಹೆಸರು ಬಂದು ನಿಂತದ್ದು ಎಲ್ಲಿ ನೋಡಿ!

ಬಜೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಂಸ್ಕೃತದ ವಚಾ ಕನ್ನಡದಲ್ಲಿ ಬಜೆ ಆಯಿತು. ವಚ ಅಂದರೆ ಮಾತು. ಮಗುವಿಗೆ ಮಾತು ಬೇಗ ಬರಲಿ ಎಂದು ತೇಯ್ದು ನಾಲಿಗೆಗೆ ಸವರುತ್ತಾರೆ. ತಮಿಳುನಾಡಿನಲ್ಲಿ ಇದಕ್ಕೆ ಪೇರ್ ಸೊಲ್ಲಾ ಮರುಂದು ಎಂಬ ಹೆಸರೂ ಇದೆ, ಹೆಸರು ಹೇಳಬಾರದ ಮದ್ದು! ಆದರೆ ಆಯುರ್ವೇದದಲ್ಲೇ ಬಜೆಯನ್ನು ವಾಂತಿ ಮಾಡಿಸುವ ದ್ರವ್ಯಗಳ ಜೊತೆ ಹೇಳಿದ್ದಾರೆ. ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಎಳೆ ಮಗುವಿಗೆ ಬಜೆ ತಿನ್ನಿಸುವುದು ಬೇಡ. ಮಾತು ಅದರ ಹೊತ್ತಿಗೆ ಬರುತ್ತದೆ.

ಹೆಸರು ಒಂದು ಗಿಡ ಬಿಟ್ಟು ಇನ್ನೊಂದಕ್ಕೆ ಹಾರುವುದೂ ಉಂಟು. ಇದಕ್ಕೆ ಮೆಣಸಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಂಸ್ಕೃತದ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ. ಹಳಗನ್ನಡದ ಪಾಲು, ಪೂವು ನಮ್ಮ ಬಾಯಲ್ಲಿ ಹಾಲು, ಹೂವು ಆದಂತೆ ಇದೂ ಬದಲಾಗಿದೆ. ಅದೇ ಪಿಪ್ಪಲಿ ಪಶ್ಚಿಮಕ್ಕೆ ಹೋಗಿ ಗ್ರೀಕಿನಲ್ಲಿ ಪೆಪೆರಿ, ಇಂಗ್ಲಿಷಿನಲ್ಲಿ ಪೆಪ್ಪರ್ ಆಯಿತು. ಅಷ್ಟರಲ್ಲಿ ಹೆಸರು ಹಿಪ್ಪಲಿಯಿಂದ ಕಾಳುಮೆಣಸಿಗೆ ಜಾರಿತ್ತು. ನಮ್ಮಲ್ಲೂ ಅದೇ ಆಯಿತು. ಮೊದಲು ಮೆಣಸು ಅಂದರೆ ಕಾಳುಮೆಣಸು ಮಾತ್ರ. ಅಮೆರಿಕದ ಖಾರದ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಬಂದದ್ದೇ ಮೆಣಸಿನಕಾಯಿ ಎಂದು ಹೆಸರನ್ನೂ ಕಿತ್ತುಕೊಂಡಿತು. ಹಳೆಯ ಮೆಣಸಿಗೆ ಕಾಳು, ಕರಿ ಎಂದು ಬಾಲ ಅಂಟಿಸಬೇಕಾಯಿತು. ಮಲೆನಾಡಿನವರು ಇನ್ನೂ ಒಳ್ಳೆಮೆಣಸು ಅನ್ನುತ್ತಾರೆ, ತುಳುವರು ಎಡ್ಡೆ ಮುಂಚಿ. ಎಡ್ಡೆ ಅಂದರೆ ಒಳ್ಳೆಯದು. ಹೊಸದಾಗಿ ಬಂದದ್ದು ಅಷ್ಟು ಒಳ್ಳೆಯದಲ್ಲ ಎಂಬ ತಕರಾರು ಆ ಹೆಸರಲ್ಲೇ ಉಳಿದುಕೊಂಡಿದೆ.

ಮೆಡಿಕಲ್ ಶಾಪಿನ ಹೆಸರುಗಳು ಪೂರ್ತಿ ಬೇರೆ ಲೋಕ ಅಂದುಕೊಳ್ಳಬೇಡಿ. ಆಸ್ಪಿರಿನ್ ಎಂಬ ಹೆಸರನ್ನು ಬೇಯರ್ ಕಂಪನಿ 1899ರಲ್ಲಿ ಇಟ್ಟಿತು, ನಡುವಿನ ‘ಸ್ಪಿರ್’ ಬಂದದ್ದು ಸ್ಪೈರಿಯಾ ಎಂಬ ಗಿಡದ ಹೆಸರಿನಿಂದ. ಬಿಪಿಗೆ ಬಳಸಿದ ರೆಸರ್ಪಿನ್ ನಮ್ಮ ಸರ್ಪಗಂಧದಿಂದ ತೆಗೆದದ್ದು, ಅದರ ಲ್ಯಾಟಿನ್ ಹೆಸರಿನ ಸರ್ಪೆಂಟಿನಾ ಮಾತ್ರೆಯ ಹೆಸರಲ್ಲೂ ಉಳಿಯಿತು. ಕುದುರೆ ಇಲ್ಲೂ ಬಿಟ್ಟಿಲ್ಲ. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಪ್ರೆಮಾರಿನ್ ಎಂಬ ಹಾರ್ಮೋನ್ ಮಾತ್ರೆಯ ಹೆಸರನ್ನು ಕಟ್ಟಿದ್ದು ‘ಪ್ರೆಗ್ನೆಂಟ್ ಮೇರ್ಸ್ ಯೂರಿನ್’ ಎಂಬ ಮೂರು ಪದಗಳ ತುಣುಕಿನಿಂದ. ಗಬ್ಬದ ಕುದುರೆಯ ಮೂತ್ರದಿಂದಲೇ ಆ ಹಾರ್ಮೋನ್ ತೆಗೆಯುತ್ತಾರೆ.

ವ್ಯತ್ಯಾಸ ಇರುವುದು ಒಂದು ಕಡೆ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಗಳ ಅಂತರರಾಷ್ಟ್ರೀಯ ಹೆಸರಿನ ಪಟ್ಟಿ ಹೊರಡಿಸುತ್ತಿದೆ. ಅದರಲ್ಲಿ ಹೆಸರಿನ ಬಾಲ ನೋಡಿದರೆ ಮನೆತನ ತಿಳಿಯುತ್ತದೆ. ಬಿಪಿ ಮಾತ್ರೆಗಳನ್ನೇ ನೋಡಿ: ಅಟೆನೊಲಾಲ್, ಮೆಟೊಪ್ರೊಲಾಲ್ ಒಂದೇ ಮನೆಯವು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಇನ್ನೊಂದು ಮನೆಯವು. ಅಲ್ಲಿ ‘ಸಾರ್ಟಾನ್’ ಇದ್ದರೆ ಕೆಲಸ ಮಾಡುವ ರೀತಿ ಒಂದೇ ಎಂದು ಧೈರ್ಯವಾಗಿ ಹೇಳಬಹುದು. ನಮ್ಮ ‘ನೆಲ’ಕ್ಕೆ ಆ ಧೈರ್ಯ ಇಲ್ಲ. ಹೆಸರು ನೋಡಿ ಗುಣ ಹೇಳಬಹುದೇ ಎಂದಿರಲ್ಲ, ಮಾತ್ರೆಯ ಈ ಅಂತರರಾಷ್ಟ್ರೀಯ ಹೆಸರಿನಲ್ಲಿ ಸುಮಾರು ಮಟ್ಟಿಗೆ ಹೌದು, ಗಿಡದ ಹೆಸರಿನಲ್ಲಿ ಇಲ್ಲ.

ಆದ್ದರಿಂದ ಗಿಡಮೂಲಿಕೆ ಕೊಳ್ಳುವಾಗ ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದೆ ಸಣ್ಣಗೆ ಬರೆದಿರುವ ಸಸ್ಯಶಾಸ್ತ್ರೀಯ ಹೆಸರು ನೋಡಿ. ಶಂಖಪುಷ್ಪಿ ಕೇಳಿದರೆ ಕೇರಳದ ಸಂಪ್ರದಾಯದವರು ನೀಲಿ ಹೂವಿನ ಶಂಖಪುಷ್ಪದ ಬಳ್ಳಿ ಕೊಡಬಹುದು, ಫಾರ್ಮಾಕೊಪಿಯಾ ಪ್ರಕಾರ ಅದು ಕಾನ್ವಾಲ್ವುಲಸ್ ಎಂಬ ಬೇರೆ ಗಿಡ. ಜೀರಿಗೆಯಲ್ಲೂ ಎಚ್ಚರ ಬೇಕು. ಕರಿಜೀರಿಗೆ ಅಡಿಗೆಗೆ ಬಳಸುವ ಕಲೋಂಜಿ, ಕಾಡುಜೀರಿಗೆ ಹೊಟ್ಟೆಹುಳುವಿಗೆ ಕೊಡುವ ಕಹಿ ಮದ್ದು. ಊರ ಹೆಸರು ಗೊತ್ತಿದ್ದು ಗಿಡ ಯಾವುದೆಂದು ಗೊತ್ತಾಗದಿದ್ದರೆ ಬೆಂಗಳೂರಿನ ಯಲಹಂಕ ಬಳಿ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇದೆ. 1993ರಿಂದ ಔಷಧಿ ಗಿಡಗಳ ಮೇಲೆ ಕೆಲಸ ಮಾಡುತ್ತಿದೆ, ಬೇರೆ ಬೇರೆ ಭಾಷೆಯ ಗಿಡದ ಹೆಸರುಗಳನ್ನೂ ಸಂಗ್ರಹಿಸಿದೆ. ನೀವು ಬೆಂಗಳೂರಿಗೆ ಬಂದಾಗ ಅಲ್ಲಿನ ಗಿಡಗಳ ತೋಟವನ್ನು ನೋಡಬಹುದು.

ಕೊನೆಗೆ ನಿಮ್ಮ ತಂದೆಯವರ ವಿಷಯ. ಇದಕ್ಕೆ ಮೊದಲು ಮಧುನಾಶಿನಿ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿಯಲ್ಲಿ ಅದು ಗುಡ್‌ಮಾರ್, ಬೆಲ್ಲ ಕೊಲ್ಲುವುದು. ಎಲೆಯನ್ನು ಚೆನ್ನಾಗಿ ಅಗಿದು, ಆಮೇಲೆ ನಾಲಿಗೆ ಮೇಲೆ ಸಕ್ಕರೆ ಹಾಕಿಕೊಂಡರೆ ಮರಳು ಅಗಿದಂತಿರುತ್ತದೆ, ಸಿಹಿ ಗೊತ್ತೇ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಗೆ ಸಿಹಿ ತಿಳಿಯದಂತೆ ತಡೆಯುತ್ತವೆ. ಹೆಸರು ಹೇಳುವುದು ನಾಲಿಗೆಯ ಸಿಹಿಯ ವಿಷಯ. ಜನ ಅದನ್ನು ರಕ್ತದ ಸಕ್ಕರೆಗೆ ಹಚ್ಚಿದರು. ರಕ್ತದ ಸಕ್ಕರೆಯ ಮೇಲೂ ಅದಕ್ಕೆ ಸ್ವಲ್ಪ ಪರಿಣಾಮ ಇದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಹಾಗಂತ ಮಾತ್ರೆಯ ಜಾಗ ತುಂಬುವಷ್ಟು ಅಲ್ಲ.

ಇನ್ಸುಲಿನ್ ಗಿಡದ ಹೆಸರು ಇದಕ್ಕಿಂತ ಹೊಸದು. ಗಿಡದ ಮೂಲ ಬ್ರೆಜಿಲ್, ಕಾಸ್ಟಸ್ ಜಾತಿಯದು, ಕಿತ್ತಳೆ ಹೂವಿನ ಚೆಂದದ ಅಲಂಕಾರ ಗಿಡ. ಇನ್ಸುಲಿನ್ ಎಂಬ ಪದ ಬಂದದ್ದು ಲ್ಯಾಟಿನ್‌ನ ಇನ್ಸುಲಾದಿಂದ, ಅಂದರೆ ದ್ವೀಪ. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪದಂತೆ ಗುಂಪು ಗುಂಪಾಗಿರುವ ಜೀವಕೋಶಗಳು ಇದನ್ನು ತಯಾರಿಸುತ್ತವೆ. 1921ರಲ್ಲಿ ಟೊರಾಂಟೊದಲ್ಲಿ ಇದನ್ನು ಮೊದಲ ಸಲ ಉಪಯೋಗಕ್ಕೆ ಬರುವಂತೆ ಬೇರ್ಪಡಿಸಿದರು. ಗಿಡದ ಎಲೆಯನ್ನು ನಾವು ಆ ಇನ್ಸುಲಿನ್ ಎಂದುಕೊಂಡು ತಿನ್ನಲಾಗುವುದಿಲ್ಲ. ನಿಜವಾದ ಇನ್ಸುಲಿನ್ನನ್ನೇ ನುಂಗಿದರೂ ಅದು ಪ್ರೋಟೀನು, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಚುಚ್ಚುಮದ್ದು ಕೊಡುವುದು. ಹೆಸರು ಗಿಡಕ್ಕೆ ಅಂಟಿದ್ದು ಮಾರಾಟದ ಬಾಯಲ್ಲಿ.

ಎಲೆಗೆ ಏನೂ ಗುಣವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಲಿಗಳ ಮೇಲೆ, ಸ್ವಲ್ಪ ಜನರ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ, ಸಕ್ಕರೆ ಇಳಿದದ್ದನ್ನು ಕಂಡಿದ್ದಾರೆ. ನನಗಿರುವ ಚಿಂತೆ ಎರಡು. ಒಂದು, ಎಲೆ ತಿನ್ನುತ್ತೇನಲ್ಲ ಎಂದು ಅವರು ಮಾತ್ರೆ ಬಿಟ್ಟುಬಿಡಬಹುದು. ಹಾಗೆ ಬಿಟ್ಟಿದ್ದರೆ ಇವತ್ತೇ ಮತ್ತೆ ಶುರು ಮಾಡಿಸಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಎರಡು, ಮಾತ್ರೆಯ ಜೊತೆ ಎಲೆಯೂ ಸೇರಿ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ತಲೆಸುತ್ತು, ಮಾತು ತೊದಲುವುದು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಸಲ ತಪಾಸಣೆಗೆ ಹೋಗುವಾಗ ಆ ಎಲೆಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಲಿ, ದಿನಕ್ಕೆ ಎಷ್ಟು ತಿನ್ನುತ್ತಾರೆಂದು ಡಾಕ್ಟರಿಗೆ ಹೇಳಲಿ.